ಹಸ್ತಾಂತರ

ಕನ್ನಡಿಯ ಮುಂದೆ ನಿಂತು ಭಾಷಣದ ಮೊದಲ ಮಾತುಗಳನ್ನು ಹೇಳಿಕೊಳ್ಳುತ್ತಿದ್ದವಳಿಗೆ ಬೆಳಬೆಳಿಗ್ಗೆಯೇ ಕೋಪ ಬಂದದ್ದು ಸಹಾಯ ನಿಲ್ಲಿಸಿದ ಪರದೇಶದ ಸರ್ಕಾರದ ಮೇಲಲ್ಲ, ಆಮಂತ್ರಣ ಪತ್ರಿಕೆಯ ಮೇಲೆ. ಕ್ಷಯರೋಗದ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಅವಳ ತಲೆ ನರೆತಿತ್ತು. ಪತ್ರಿಕೆಯಲ್ಲಿ ಮಾತ್ರ 'ಸಹಾಯಕ ವೈದ್ಯಾಧಿಕಾರಿ' ಎಂದು ಅಚ್ಚಾಗಿತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಹಸ್ತಾಂತರ ಸಮಾರಂಭ'. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಆ ಪರದೇಶದಲ್ಲಿ ಸರ್ಕಾರ ಬದಲಾಗಿತ್ತು, ಹೊಸಬರಿಗೆ ಪರರ ಕೆಮ್ಮಿನ ಉಸಾಬರಿ ಬೇಡವಾಗಿತ್ತು. ಇಷ್ಟು ವರ್ಷ ಅಲ್ಲಿಂದ ಬರುತ್ತಿದ್ದ ಮಾತ್ರೆ, ಕಫ ಪರೀಕ್ಷೆಯ ಯಂತ್ರಕ್ಕೆ ಬೇಕಾದ ಸಾಮಾನು, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಹೆಂಗಸರ ಸಂಬಳ ಎಲ್ಲವೂ ಈ ಋತು ಕಳೆಯುವುದರೊಳಗೆ ನಿಲ್ಲಲಿತ್ತು. ನಿಂತುಹೋಗುವುದನ್ನು ಹಾರ ಹಾಕಿ ಒಪ್ಪಿಸಿಕೊಳ್ಳುವುದಕ್ಕೆ ಹಸ್ತಾಂತರವೆಂದು ಹೆಸರು. ಇಷ್ಟೆಲ್ಲ ಇರುವಾಗ ತನ್ನ ಹುದ್ದೆಯ ಹೆಸರು ತಪ್ಪಾದದ್ದಕ್ಕೆ ಉರಿದುಕೊಳ್ಳುವುದು ಸಣ್ಣತನವೆಂದು ಅವಳಿಗೆ ತಿಳಿಯುತ್ತಿತ್ತು. ತಿಳಿದರೂ ಉರಿ ಆರಲಿಲ್ಲ. ಹೆಡ್‌ಮಾಸ್ತರನಾಗಿ ನಿವೃತ್ತನಾದ ಗಂಡ ಕಿಟಕಿಯ ಬಳಿ ಕೂತು ಅವಳ ಚಪ್ಪಲಿಗೆ ಪಾಲಿಶ್ ತಿಕ್ಕುತ್ತಿದ್ದ. ತಲೆ ಎತ್ತದೆ ಕೇಳಿದ: "ಇವತ್ತು ಯಾರನ್ನ ಅಳಿಸ್ತೀಯ?"

ತಮಾಷೆಗೇ ಕೇಳಿದ್ದು. ಮದುವೆಯಾದ ಹೊಸದರಿಂದ ಅವನ ತಮಾಷೆಗಳು ಹೀಗೆಯೇ, ಮುಳ್ಳನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟಂತೆ. ಅವಳು ನಕ್ಕಳು. ಅಳಿಸುವುದರಲ್ಲಿ ತನ್ನ ಕೈ ಪಳಗಿದೆಯೆಂಬ ಹೆಮ್ಮೆ ಅವಳಿಗೂ ಇತ್ತು. ಯಾವ ದೇಶದಿಂದ ಯಾವ ಅಧಿಕಾರಿ ಬಂದರೂ ಅಂಕಿ-ಅಂಶಗಳನ್ನು ಬದಿಗಿಟ್ಟು ಒಬ್ಬ ರೋಗಿಯನ್ನು ವೇದಿಕೆಗೆ ಕರೆದು, ಅವನ ಹೆಗಲ ಮೇಲೆ ಕೈಯಿಟ್ಟು, ಅವನ ಕಥೆಯನ್ನು ಹೇಳಿಸಿ, ಕೊನೆಗೆ ತಾನು ಒಂದೇ ಒಂದು ಮಾತು ಆಡಿ ನಿಲ್ಲಿಸುವುದು ಅವಳ ಕ್ರಮ. ಮುಂದಿನ ಸಾಲಿನಲ್ಲಿ ಕನ್ನಡಕಗಳು ಕೆಳಗಿಳಿಯುತ್ತಿದ್ದವು, ಕರವಸ್ತ್ರಗಳು ಹೊರಬರುತ್ತಿದ್ದವು, ಮಾರನೆಯ ವರ್ಷ ಔಷಧಿ ಬರುತ್ತಿತ್ತು. ಇದರಲ್ಲಿ ಸುಳ್ಳೆಲ್ಲಿದೆ? ರೋಗ ನಿಜ, ರೋಗಿ ನಿಜ, ಮಾತ್ರೆ ನುಂಗಿ ಬದುಕಿದ್ದೂ ನಿಜ. ಇಷ್ಟಾಗಿಯೂ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವಾಗ ಗಂಡನ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಿಂದೆ ಕೂತವರು ಯಾರೋ ಕೆಮ್ಮಿದರು. ಒಣಕೆಮ್ಮು, ಧೂಳಿನದು, ಭಯವಿಲ್ಲ ಎಂದು ತಿರುಗಿ ನೋಡದೆಯೇ ತೀರ್ಮಾನಿಸಿದಳು.

ಕಿಟಕಿಯಾಚೆ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು, ಅವಳ ಮನಸ್ಸು ಮಾತ್ರ ಪರದೇಶದ ಕಚೇರಿಯೊಂದರ ಉದ್ದನೆಯ ಕಾರಿಡಾರಿನಲ್ಲಿತ್ತು. ಒಮ್ಮೆ ಆ ಸರ್ಕಾರವೇ ಅವಳನ್ನು ತನ್ನ ದೇಶಕ್ಕೆ ಕರೆಸಿಕೊಂಡಿತ್ತು. ಗಾಜಿನ ಕಟ್ಟಡ, ಹೆಜ್ಜೆಯ ಸದ್ದನ್ನು ನುಂಗುವ ನೆಲಹಾಸು, ಗೋಡೆಗೆ ನೇತುಹಾಕಿದ ಕ್ಯಾಲೆಂಡರು. ಆ ತಿಂಗಳ ಚಿತ್ರದಲ್ಲಿ ಅವಳದೇ ವಾರ್ಡಿನ ಮುದುಕ. ಅಂಗಿ ಬಿಚ್ಚಿಸಿ ಕೂಡಿಸಿದ್ದರು. ಪಕ್ಕೆಲುಬುಗಳ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು. ಹಿಂದೆ, ಅರ್ಧಕ್ಕೆ ಕತ್ತರಿಸಿಹೋದ ಬಿಳಿ ಕೋಟು ತನ್ನದು ಎಂದು ಗುರುತಿಸಿ ಮೊದಲು ಅವಳು ಹಿಗ್ಗಿದ್ದಳು. ಜೊತೆಯಲ್ಲಿದ್ದವರಿಗೆ ತೋರಿಸಿಯೂ ಇದ್ದಳು. ಮುದುಕ ಹೇಗಿದ್ದಾನೆ ಎಂದು ಅವರು ಕೇಳಿದರು. ಕ್ಯಾಲೆಂಡರು ಅಚ್ಚಾಗುವ ಮೊದಲೇ ಅವನು ತೀರಿಕೊಂಡಿದ್ದ. ಚೆನ್ನಾಗಿದ್ದಾನೆ ಎಂದಳು. ಅವರು ಸಂತೋಷಪಟ್ಟು, ಆ ಪಕ್ಕೆಲುಬುಗಳ ಕೆಳಗಿದ್ದ ಯಂತ್ರದಿಂದ ಅವಳಿಗೊಂದು ಲೋಟ ಕಾಫಿ ಹಿಡಿದುಕೊಟ್ಟರು. ಒಳ್ಳೆಯ ಜನ. ಅವರನ್ನು ದೂರಲು ಅವಳಿಗೆ ಯಾವತ್ತೂ ಮನಸ್ಸು ಬಂದಿರಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ, ಇವತ್ತು ವೇದಿಕೆಗೆ ಕರೆಯಬೇಕಿದ್ದ ಕತ್ತರಿಯಕ್ಕ ಆಗಲೇ ಕಾದಿದ್ದಳು. ಬಸ್‌ಸ್ಟ್ಯಾಂಡಿನ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಹೊಲಿಗೆ ಅವಳ ಕಸುಬು. ಹೆಸರು ಬಂದದ್ದು ಮಾತ್ರ ನಾಲಿಗೆಯಿಂದ. ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಜಾತಿಯ ಕ್ಷಯ ಅವಳದು. ವರ್ಷದ ಮೇಲೆ ನಡೆಯುವ ಚಿಕಿತ್ಸೆಯಲ್ಲಿ ಅರ್ಧ ದಾಟಿದ್ದಳು. ರೋಗ ಈಗ ಅವಳಿಂದ ಯಾರಿಗೂ ಹರಡುವಂತಿರಲಿಲ್ಲ, ಆದರೆ ಮಾತ್ರೆ ನಡುವೆ ನಿಂತರೆ ಒಳಗೆ ಅಡಗಿದ ಹುಳ ಇನ್ನೂ ಹಟಮಾರಿಯಾಗಿ ಏಳುತ್ತಿತ್ತು, ಆಮೇಲೆ ಯಾವ ಮದ್ದಿಗೂ ಜಗ್ಗುತ್ತಿರಲಿಲ್ಲ. ಮಾತ್ರೆಗಳು ಅವಳ ಬಣ್ಣವನ್ನು ಕಪ್ಪಾಗಿಸಿದ್ದವು, ಪಾದಗಳನ್ನು ಮರಗಟ್ಟಿಸಿದ್ದವು. ಮಿಷನ್ನಿನ ಪೆಡಲು ಕಾಲಿಗೆ ತಿಳಿಯುವುದಿಲ್ಲವೆಂದು ಬಗ್ಗಿ ಬಗ್ಗಿ ನೋಡಿಕೊಂಡು ತುಳಿಯುತ್ತಿದ್ದಳು. ಇಂದು ತಾನೇ ಹೊಲಿದ ನೀಲಿ ಮೇಲಂಗಿ ತೊಟ್ಟಿದ್ದಳು, ಕಾಲರಿನ ಅಂಚಿಗೆ ಬಿಳಿ ದಾರದ ಸಣ್ಣ ಕಸೂತಿ. ಭಾಷಣ ಬಾಯಿಪಾಠ ಆಗಿದೆಯೆಂದು, ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹೇಳಿ ಹೇಳಿ ನೋಡಿದ್ದೇನೆಂದು ಹೇಳಿದಳು.

"ಮಧ್ಯದಲ್ಲಿ ಅಳಬೇಕಾ ಡಾಕ್ಟ್ರಮ್ಮ, ಬೇಡ್ವಾ? ಹೇಳಿಬಿಡಿ. ನಂಗೆ ಎರಡೂ ಬರುತ್ತೆ."

ಡಾಕ್ಟರು ನಕ್ಕು, ಹೇಗೆ ಬರುತ್ತೋ ಹಾಗೆ ಹೇಳು ಎಂದಳು. ಆದರೆ ನಗು ಮುಗಿಯುವಷ್ಟರಲ್ಲಿ ಮೈ ಬಿಸಿಯಾಯಿತು. ಗಂಡನ ಮಾತಿಗೂ ಈ ಹೆಂಗಸಿನ ಮಾತಿಗೂ ಮೊದಲೇ ಒಪ್ಪಂದವಾದಂತಿತ್ತು.

ಸಭಾಂಗಣವೆಂದರೆ ಹಳೆಯ ಪುರುಷರ ವಾರ್ಡು, ಮಂಚಗಳನ್ನು ಹೊರಗೆ ಹಾಕಿ ಕುರ್ಚಿ ಜೋಡಿಸಿದ್ದರು. ಗೋಡೆಯುದ್ದಕ್ಕೂ ಮಂಚದ ತಲೆಗಳು ಉಜ್ಜಿದ ಗುರುತು ಹಾಗೇ ಉಳಿದಿತ್ತು. ವೇದಿಕೆಯ ತುದಿಯಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಕಾಲು ಗಿಡ್ಡವಾದ ಕುರ್ಚಿ. ಅದು ಅಲುಗಾಡದಂತೆ ಇಡೀ ಹೊತ್ತು ತೊಡೆ ಬಿಗಿಹಿಡಿದು ಕೂರಬೇಕಾಯಿತು. ನಡುವೆ ಆರೋಗ್ಯ ಇಲಾಖೆಯ ನಿರ್ದೇಶಕರು, ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಹಾರದ ಭಾರಕ್ಕೆ ಮುಖ ಇನ್ನಷ್ಟು ದುಂಡಗಾಗಿ. ಅವರ ಪಕ್ಕದಲ್ಲಿ ಪರದೇಶದ ಪ್ರತಿನಿಧಿ, ಸುಕ್ಕಾದ ಕೋಟಿನ ಎತ್ತರದ ಮನುಷ್ಯ. ಆತ ಎಷ್ಟೋ ವರ್ಷದಿಂದ ಬರುತ್ತಿದ್ದ, ವಾರ್ಡಿನ ರೋಗಿಗಳ ಮುಖ ಗುರುತಿಟ್ಟು ಮಾತಾಡಿಸುತ್ತಿದ್ದ. ಅವರ ಕಚೇರಿಯೂ ಮುಚ್ಚುತ್ತಿದೆ, ಆತನ ಕೆಲಸವೂ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಆತ ಭಾಷಣವನ್ನು ಓದಿದ, ನಡುನಡುವೆ ಅಕ್ಷರ ಕಾಣದವನಂತೆ ತಡೆದ. ನಿರ್ದೇಶಕರು ಎರಡು ದೇಶಗಳ ಸ್ನೇಹ ಚಿರಕಾಲ ಬಾಳಲಿ ಎಂದರು. ನಾಳೆಯ ಮಾತ್ರೆಗಳ ಬಗ್ಗೆ ಒಂದಕ್ಷರ ಆಡಲಿಲ್ಲ.

ಅವಳ ಸರದಿ ಬಂದಾಗ ಬೆಳಗಿನಿಂದ ಇದ್ದ ಕಸಿವಿಸಿಯೆಲ್ಲ ಮಾಯವಾಯಿತು. ಮೈಕಿನ ಮುಂದೆ ಅವಳಿಗೆ ಯಾವಾಗಲೂ ಹೀಗೆಯೇ, ನೀರಿಗೆ ಬಿಟ್ಟ ಮೀನಿನ ಹಾಗೆ. ಮಾತು ತಾನಾಗಿ ಹರಿಯಿತು. ಮೊದಲ ಸಾಲಿನಲ್ಲಿ ಕತ್ತರಿಯಕ್ಕ ಮೊಣಕಾಲ ಮೇಲೆ ಕೈಯಿಟ್ಟು, ಕರೆದ ಕೂಡಲೇ ಏಳುವವಳಂತೆ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಈಗ ಕರೆಯಬೇಕು. ಅಷ್ಟರಲ್ಲಿ ಪಕ್ಕದಲ್ಲಿದ್ದ ಫೋಟೋದವನು ಇದರ ವಾಸನೆ ಹಿಡಿದವನಂತೆ ಮಂಡಿಯೂರಿ ಕ್ಯಾಮೆರಾವನ್ನು ಆ ನೀಲಿ ಕಾಲರಿನ ಕಡೆಗೆ ತಿರುಗಿಸಿದ. ಪರದೇಶದ ಆ ಕಾರಿಡಾರಿನ ನೆಲಹಾಸು ಕಾಲಡಿಗೆ ಬಂದಂತಾಯಿತು. ಇನ್ನು ಸಾಕು ಅನ್ನಿಸಿತು. ಕೊಡುವುದಿಲ್ಲವೆಂದು ತೀರ್ಮಾನಿಸಿ ಬಂದವರ ಮುಂದೆ ಆ ಮುದುಕನಂತೆ ಇವಳನ್ನೂ ಬಿಚ್ಚಿ ಕೂಡಿಸಬೇಕೆ? ಅವಳು ಕತ್ತರಿಯಕ್ಕನ ಮೇಲಿಂದ ಕಣ್ಣು ಸರಿಸಿ, ಸಭಾಂಗಣದ ಹಿಂಬದಿಯ ಗೋಡೆಯನ್ನು ನೋಡುತ್ತಾ ಹೇಳಿದಳು: "ಇವತ್ತು ನಾನು ಯಾರನ್ನೂ ಇಲ್ಲಿ ತಂದು ನಿಲ್ಲಿಸಲ್ಲ. ಕೊಟ್ಟಿದ್ದನ್ನ ಮರೆಯಲ್ಲ. ಆದರೆ ನೋವು ತೋರಿಸಿ ಕೇಳೋದನ್ನ ಇವತ್ತಿಗೆ ನಿಲ್ಲಿಸಿದ್ದೀನಿ." ಅದನ್ನೇ ಪ್ರತಿನಿಧಿಯ ಭಾಷೆಯಲ್ಲೂ ಹೇಳಿದಳು. ಚಪ್ಪಾಳೆ ಬಿತ್ತು. ಪ್ರತಿನಿಧಿ ತಲೆ ತಗ್ಗಿಸಿದ. ನಿರ್ದೇಶಕರಂತೂ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ಅವಳು ಕುರ್ಚಿಗೆ ಮರಳಿದಾಗ ಅದು ಅಲುಗಾಡಿದ್ದು ಗೊತ್ತಾಗಲಿಲ್ಲ. ಒಳಗೆ ಏನೋ ನೆಟ್ಟಗೆ ನಿಂತಂತಿತ್ತು. ಗಂಡನಿಗೆ ಹೇಳಬೇಕು, ಇವತ್ತು ಯಾರನ್ನೂ ಅಳಿಸಲಿಲ್ಲ ಎಂದು.

ಅತಿಥಿಗಳನ್ನು ಮಹಡಿಯ ಕೋಣೆಗೆ ಚಹಾಕ್ಕೆ ಕರೆದೊಯ್ದರು. ಅವಳು ಕತ್ತರಿಯಕ್ಕನನ್ನು ಹುಡುಕಿಕೊಂಡು ಹಿಂದಿನ ಅಂಗಳಕ್ಕೆ ಬಂದಳು. ನಿನ್ನ ಮರ್ಯಾದೆ ಉಳಿಸಿದೆ ನೋಡು ಎಂದು ಬಾಯಲ್ಲಿ ಹೇಳುವಷ್ಟು ಒರಟು ಅವಳಲ್ಲ, ಆದರೆ ಆ ಮುಖದಲ್ಲಿ ಅದನ್ನು ಓದುವ ಆಸೆ ಇತ್ತು. ಕತ್ತರಿಯಕ್ಕ ನಲ್ಲಿಯ ಕಟ್ಟೆಯ ಮೇಲೆ ಕೂತು ನೀಲಿ ಮೇಲಂಗಿಯನ್ನು ಕಳಚಿ, ಒಳಮಗ್ಗಲು ಹೊರಗೆ ಮಾಡಿ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನನ್ನ ಯಾಕೆ ಕರೀಲಿಲ್ಲ?"

ಅವಳು ಹೆಗಲ ಮೇಲೆ ಕೈಯಿಡಲು ಹೋದಳು. ಹೆಗಲು ಸರಿಯಿತು. ಅವರ ಮುಂದೆ ನಿನ್ನನ್ನು ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ, ನಿನ್ನ ಗೌರವದ ಪ್ರಶ್ನೆ ಅದು, ಎಂದು ಆದಷ್ಟು ಮೆತ್ತಗೆ ಹೇಳಿದಳು.

"ನನ್ನ ಗೌರವ ನಿಮ್ಮ ಹತ್ರ ಯಾವಾಗ ಇಟ್ಟಿದ್ದೆ ಡಾಕ್ಟ್ರಮ್ಮ?" ಕತ್ತರಿಯಕ್ಕನ ದನಿ ಏರಲಿಲ್ಲ, ಏರಿದ್ದರೆ ಸಹಿಸಬಹುದಿತ್ತು. "ಮುಂದಿನ ಸಾಲಲ್ಲಿ ಕೂಡಿಸಿದ್ರಿ. ಎಲ್ಲರೂ ನೋಡ್ತಿದ್ರು. ಏಳು ಅನ್ನಲಿಲ್ಲ. ನನ್ನ ಗಂಡನ ಮನೇಲೂ ಮರ್ಯಾದೆ ಉಳಿಸೋಕೇ ಅಂತ ನನ್ನನ್ನ ಹಿಂದಿನ ಕೋಣೇಲಿ ಇಟ್ಟಿದ್ರು. ಅವರಾದ್ರೂ ಭಾಷಣ ಮಾಡಲಿಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಚಿಕ್ಕವಳಿದ್ದಾಗ ಅವರ ಮನೆಯಲ್ಲೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಚಿಕ್ಕಮ್ಮ ಕೆಮ್ಮುತ್ತಿದ್ದರು. ಯಾರಾದರೂ ಬಂದಾಗ ಬಾಯಿಗೆ ದಿಂಬು ಒತ್ತಿಕೊಂಡು ಕೆಮ್ಮುತ್ತಿದ್ದರು, ಮೂಲೆಯಲ್ಲಿ ಅವರಿಗೇ ಬೇರೆ ತಟ್ಟೆ, ಬೇರೆ ಲೋಟ. ಅಮ್ಮ ಅವಳ ಜಡೆ ಬಿಗಿಯುತ್ತಾ ಹೇಳಿಕೊಡುತ್ತಿದ್ದಳು: ಕೇಳಿದರೆ ಚಿಕ್ಕಮ್ಮ ಊರಲ್ಲಿಲ್ಲ ಅನ್ನು, ಪಾಪ, ಅವಳಿಗೂ ಮರ್ಯಾದೆ ಇದೆ. ಹುಡುಗಿ ಚೆನ್ನಾಗಿ ಹೇಳುತ್ತಿದ್ದಳು, ಬಾಯಿ ಚುರುಕು. ಬಂದವರು ನಂಬಿ ಹೋಗುತ್ತಿದ್ದರು. ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಚಿಕ್ಕಮ್ಮ, ಯಾರೇ ಬಂದಿದ್ದು, ನನ್ನ ಕೇಳಿದರಾ, ಎಂದು ಕೂಗುತ್ತಿದ್ದರು. ಅವರ ಸಾವೇ ತನ್ನನ್ನು ಈ ಕಸುಬಿಗೆ ತಂದಿತೆಂದು ಅವಳು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಳು, ಆ ಕೂಗನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ. ಜನರ ಮುಂದೆ ತಂದು ನಿಲ್ಲಿಸುವುದು ಒಂದು, ಬಚ್ಚಿಡುವುದು ಇನ್ನೊಂದು. ಇವೆರಡರ ನಡುವೆ ಯಾವ ರೋಗಿಯನ್ನಾದರೂ ತಾನು ಏನು ಬೇಕೆಂದು ಕೇಳಿದ್ದೆನೇ? ಉತ್ತರ ಬೇಗ ಬಂತು, ಮತ್ತು ಅದು ಅವಳ ಪರವಾಗಿರಲಿಲ್ಲ. ಆದರೆ ಅವಳು ಕೂತು ಕೊರಗುವ ಪೈಕಿಯಲ್ಲ. ತಪ್ಪು ಎಲ್ಲಿದೆಯೆಂದು ಗೊತ್ತಾದರೆ ಅವಳಿಗೆ ಅರ್ಧ ವಾಸಿಯಾದಂತೆ. ಕಟ್ಟೆಯ ಮೇಲೆ ಕತ್ತರಿಯಕ್ಕನ ಪಕ್ಕ ಕೂತು, ನೀನು ಏನು ಹೇಳಬೇಕೆಂದಿದ್ದೆ ಎಂದು ಕೇಳಿದಳು.

"ಆ ಪರದೇಶದವರಿಗೆ ಏನೂ ಇಲ್ಲ. ಒಂದು ನಮಸ್ಕಾರ ಅಷ್ಟೆ. ಅವರು ಕೊಡೋವಷ್ಟು ದಿನ ಕೊಟ್ರು. ನಾನು ಹೇಳಬೇಕು ಅಂತ ಇದ್ದಿದ್ದು ಹಾರ ಹಾಕ್ಕೊಂಡು ಕೂತಿದ್ರಲ್ಲ, ನಮ್ಮ ಸಾಹೇಬ್ರಿಗೆ. ನಾಳೆಯಿಂದ ಯಾರು ಕೊಡ್ತೀರಿ ಅಂತ. ಕ್ಯಾಮೆರಾ ಎದುರಿಗೆ, ನಾಲ್ಕು ಜನ ಕೇಳೋ ಹಾಗೆ. ಆಫೀಸಿಗೆ ಹೋದ್ರೆ ನನ್ನನ್ನ ಯಾರು ಒಳಗೆ ಬಿಡ್ತಾರೆ?"

ಡಾಕ್ಟರಿಗೆ ನಾಚಿಕೆಯ ಜೊತೆಗೇ ಒಂದು ಬಗೆಯ ಹುರುಪು ಬಂತು. ಇಷ್ಟು ವರ್ಷ ಮುಖ ಸಮುದ್ರದ ಕಡೆಗಿಟ್ಟುಕೊಂಡು ಹಡಗು ಕಾಯುವವಳಂತೆ ಕಾದಿದ್ದಳು. ಬೆನ್ನ ಹಿಂದೆ ತನ್ನದೇ ಸರ್ಕಾರ ಆರಾಮವಾಗಿ ಕೂತಿತ್ತು. ತನ್ನ ಭಾಷಣಕ್ಕೆ ನಿರ್ದೇಶಕರು ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ್ದು ಯಾಕೆಂದು ಈಗ ಹೊಳೆಯಿತು: ಇನ್ನು ಯಾರೂ ತನ್ನನ್ನು ಕೇಳಲಾರರೆಂಬ ನೆಮ್ಮದಿ ಅದು. ಅವಳು ಎದ್ದು, ಮೇಲಂಗಿ ಹಾಕಿಕೋ ಎಂದಳು. ಕತ್ತರಿಯಕ್ಕ ಅವಳನ್ನು ಅಳೆಯುವವಳಂತೆ ನೋಡಿದಳು. ಆಮೇಲೆ ಮಡಿಕೆ ಬಿಚ್ಚಿ, ಎರಡು ಸಲ ಕೊಡವಿ ತೊಟ್ಟುಕೊಂಡಳು.

ಮೆಟ್ಟಿಲು ಹತ್ತುವುದು ನಿಧಾನವಾಯಿತು. ಪಾದಕ್ಕೆ ಮೆಟ್ಟಿಲು ತಿಳಿಯದ ಕಾರಣ ಕತ್ತರಿಯಕ್ಕ ಪ್ರತಿಯೊಂದನ್ನೂ ನೋಡಿ ನೋಡಿ ಹತ್ತಿದಳು. ತೋಳು ಹಿಡಿಯಬೇಕೆಂದು ಡಾಕ್ಟರಿಗೆ ಅನ್ನಿಸಿತು, ಹಿಡಿಯಲಿಲ್ಲ. ಬಾಗಿಲಲ್ಲಿದ್ದ ಜವಾನ, ರೋಗಿಗಳಿಗೆ ಪ್ರವೇಶವಿಲ್ಲ, ಸಾಹೇಬರ ಅಪ್ಪಣೆ ಎಂದ. ಇದು ನನ್ನ ಆಸ್ಪತ್ರೆ ಎಂದಳು ಅವಳು, ಯಾವ ಬಿರುಸೂ ಇಲ್ಲದೆ, ಗಂಟೆ ಎಷ್ಟೆಂದು ಹೇಳಿದ ಹಾಗೆ. ಜವಾನ ಸರಿದ. ಒಳಗೆ ತಟ್ಟೆಗಳ ಸದ್ದು ನಿಂತಿತು. ನಿರ್ದೇಶಕರು ನಗುತ್ತಲೇ ಕುರ್ಚಿಯನ್ನು ಗೋಡೆಯತ್ತ ಒಂದು ಗೇಣು ಎಳೆದುಕೊಂಡರು. ಅದನ್ನು ಕತ್ತರಿಯಕ್ಕ ನೋಡಿದಳು, ಪ್ರತಿನಿಧಿಯೂ ನೋಡಿದ. ಆತ ಎದ್ದು ತನ್ನ ಕುರ್ಚಿಯನ್ನು ಅವಳ ಮುಂದಿಟ್ಟ. ಕತ್ತರಿಯಕ್ಕ ಕೂತಳು.

"ಸಭೆ ಇನ್ನೂ ಮುಗಿದಿಲ್ಲ ಸಾರ್," ಎಂದಳು ಡಾಕ್ಟರು. "ಒಬ್ಬರ ಮಾತು ಬಾಕಿ ಇತ್ತು. ಕರೆಯದೆ ಇದ್ದದ್ದು ನನ್ನ ತಪ್ಪು."

ಸಂಜೆ ಆಫೀಸಿಗೆ ಬನ್ನಿ, ನಿಧಾನವಾಗಿ ನೋಡೋಣ ಎಂದು ನಿರ್ದೇಶಕರು ಶುರುಮಾಡಿದ್ದರು. ಅಷ್ಟರಲ್ಲಿ ಫೋಟೋದವನೂ ಸುದ್ದಿಪತ್ರಿಕೆಯವರಿಬ್ಬರೂ ಲೋಟ ಕೆಳಗಿಟ್ಟು ಹತ್ತಿರ ಬಂದರು. ಕತ್ತರಿಯಕ್ಕ ಅಳಲಿಲ್ಲ. ಗಂಡನ ಮನೆಯ ಸುದ್ದಿ ಎತ್ತಲಿಲ್ಲ. ಪಾದ ತೋರಿಸಲಿಲ್ಲ. ನನ್ನಂಥವರು ಈ ಆಸ್ಪತ್ರೆಯಲ್ಲೇ ಇಷ್ಟು ಜನ ಇದ್ದೇವೆ, ಮಾತ್ರೆ ನಿಂತರೆ ನಾವು ಮಾತ್ರ ಸಾಯುವುದಿಲ್ಲ, ನಿಮ್ಮ ಪಕ್ಕದಲ್ಲಿ ಬಸ್ಸಿನಲ್ಲಿ ಕೂತವರಿಗೂ ಯಾವ ಮದ್ದಿಗೂ ಬಗ್ಗದ ರೋಗ ಕೊಟ್ಟು ಸಾಯುತ್ತೇವೆ, ಎಂದಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. ನಾಳೆಯಿಂದ ಯಾರು ಕೊಡ್ತೀರಿ? ಪ್ರತಿನಿಧಿ ಬಾಗಿ, ಅವರು ಏನು ಹೇಳುತ್ತಿದ್ದಾರೆಂದು ಡಾಕ್ಟರನ್ನು ಮೆಲ್ಲನೆ ವಿಚಾರಿಸಿದ. ವರ್ಷಗಟ್ಟಲೆ ಒಂದು ಮಾತನ್ನೂ ಬಿಡದೆ ಅವಳು ಈ ಮನುಷ್ಯನಿಗೆ ಎಲ್ಲವನ್ನೂ ಅವನ ಭಾಷೆಗೆ ತಿರುಗಿಸಿ ಹೇಳಿದ್ದಳು, ಕಣ್ಣೀರನ್ನೂ. ಇವತ್ತು ಅವನ ತೋಳು ಮುಟ್ಟಿ, ಇದು ನಿಮಗಲ್ಲ, ನಮ್ಮ ಮನೆಯ ಮಾತು ಎಂದಳು. ಆತ ಒಂದು ಗಳಿಗೆ ಅವಳನ್ನೇ ನೋಡಿದ. ಬೇಸರವಲ್ಲ, ಹೊರೆ ಇಳಿಸಿದವನ ಮುಖ ಅದು. ಕಿಟಕಿಯ ಬಳಿಗೆ ಹೋಗಿ ನಿಂತ.

ನಿರ್ದೇಶಕರು ಕಡತ, ಹಣಕಾಸು ಇಲಾಖೆ, ಖರೀದಿಯ ಕ್ರಮ ಎಂದೆಲ್ಲ ಹೇಳಿದರು. ಸುಳ್ಳಲ್ಲ, ಎಲ್ಲ ಇರುವಂಥದೇ. ಕತ್ತರಿಯಕ್ಕ ಪೂರ್ತಿ ಕೇಳಿಸಿಕೊಂಡಳು.

"ಆಯ್ತು ಸಾರ್. ನಾನು ಯಾವತ್ತು ಕೊಡ್ತೀನಿ ಅಂತ ಹೇಳದೆ ಗಿರಾಕಿಯ ಅಳತೆ ತಗೊಳ್ಳಲ್ಲ. ನೀವೂ ಒಂದು ದಿನ ಹೇಳಿ."

ಪತ್ರಿಕೆಯವನೊಬ್ಬ ಪೆನ್ನು ತೆಗೆದ. ನಿರ್ದೇಶಕರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಅಲ್ಲಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದರು. ಎದ್ದು ನಿಂತು ಮಾಡಿದರು, ಅದು ಅವಳ ನೆನಪಿನಲ್ಲಿ ಉಳಿಯಿತು. ಇರುವ ಮಾತ್ರೆ ಮುಗಿಯುವ ಮೊದಲು ಇಲಾಖೆಯೇ ಕೊಂಡು ಕೊಡುತ್ತದೆ ಎಂದು, ಇಂಥ ದಿನವೆಂದು ತಾರೀಕನ್ನೂ ಹೇಳಿದರು.

ಹೇಳಿದ ಮಾತ್ರಕ್ಕೆ ಆಗುತ್ತದೆಂದು ಅವಳೇನೂ ನಂಬಿರಲಿಲ್ಲ, ಕತ್ತರಿಯಕ್ಕನೂ ನಂಬಿರಲಿಲ್ಲ. ಆ ದಿನ ಬಂತು, ಹೋಯಿತು. ಇಬ್ಬರೂ ನಿರ್ದೇಶಕರ ಕಚೇರಿಯ ಬೆಂಚು ಹಿಡಿದರು. ಸುಣ್ಣ ಉದುರುವ ಗೋಡೆ, ಕಿರುಗುಟ್ಟುವ ಫ್ಯಾನು, ಬಂದವರು ಹೋದವರು. ಇಂಥ ಬೆಂಚಿನ ಮೇಲೆ ಕೂರುವುದು ತನ್ನ ದರ್ಜೆಗೆ ಕಡಿಮೆಯೆಂದು ಮೊದಲ ದಿನ ಅವಳು ಬ್ಯಾಗನ್ನು ಮಡಿಲಲ್ಲಿ ಎತ್ತರವಾಗಿ ಹಿಡಿದು ಕೂತಿದ್ದಳು. ಆಮೇಲಾಮೇಲೆ ಬ್ಯಾಗು ನೆಲಕ್ಕಿಳಿಯಿತು. ಕತ್ತರಿಯಕ್ಕ ಬರುವಾಗ ಗುಂಡಿ ಹಾಕುವ ಕೆಲಸ ತರುತ್ತಿದ್ದಳು, ಅಲ್ಲಿನ ಜವಾನನ ಅಂಗಿಗೂ ಹಾಕಿಕೊಟ್ಟಳು. ವಾರ್ಡಿನಿಂದ ಇನ್ನೂ ಕೆಲವರು ಸೇರಿಕೊಂಡರು, ಬೆಂಚು ಸಾಲದಾಯಿತು. ಕಡೆಗೆ ಪೆಟ್ಟಿಗೆಗಳು ಬಂದವು, ತಡವಾಗಿ, ಆದರೆ ಒಬ್ಬರ ಮಾತ್ರೆಯೂ ತಪ್ಪುವ ಮೊದಲು. ಮೇಲೆ ಯಾವ ದೇಶದ ಬಾವುಟವೂ ಇಲ್ಲದ ಕಂದು ಪೆಟ್ಟಿಗೆಗಳು, ಆಸ್ಪತ್ರೆಯ ಹೆಸರು ಓರೆಯಾಗಿ ಅಚ್ಚಾಗಿತ್ತು. ಇದು ಕೆಲಸ ಮಾಡುತ್ತಾ ಎಂದು ವಾರ್ಡಿನಲ್ಲಿ ಅನುಮಾನಪಟ್ಟರು. ಎಲ್ಲರಿಗಿಂತ ಮೊದಲು ಕತ್ತರಿಯಕ್ಕ ನುಂಗಿ, ಮುಖ ಕಿವುಚಿ, ಅದೇ ಹಾಳು ರುಚಿ, ಧೈರ್ಯವಾಗಿ ತಗೊಳ್ಳಿ ಎಂದಳು.

ಮನೆಮನೆಗೆ ಹೋಗುವ ಹೆಂಗಸರ ಸಂಬಳ ಮಾತ್ರ ಬಂದಿರಲಿಲ್ಲ. ಅವರಲ್ಲಿ ಕೆಲವರು ಬೇರೆ ಕೆಲಸ ನೋಡಿಕೊಂಡಿದ್ದರು. ಹುಡುಕುವವರಿಲ್ಲದೆ ಊರಿನಲ್ಲಿ ಯಾರ ಯಾರ ಎದೆಯಲ್ಲಿ ಏನು ಬೆಳೆಯುತ್ತಿದೆಯೋ ಎಂದು ಅವಳಿಗೆ ಬಸ್ಸಿನ ಪ್ರತಿ ಕೆಮ್ಮಿಗೂ ಅನ್ನಿಸತೊಡಗಿತ್ತು. ಈಗ ತಿರುಗಿ ನೋಡುತ್ತಿದ್ದಳು. ಅದನ್ನೇ ಕೇಳಲು ಮತ್ತೆ ಬೆಂಚಿಗೆ ಬಂದಿದ್ದರು. ಅಂದು ಜವಾನ ಬಾಗಿಲು ತೆರೆದು, ಸಾಹೇಬರಿಗೆ ಹೊತ್ತಿಲ್ಲ, ಒಬ್ಬರು ಮಾತ್ರ ಬರಬೇಕಂತೆ ಎಂದ. ಅವಳು ಅಭ್ಯಾಸಬಲದಿಂದ ಬ್ಯಾಗೆತ್ತಿಕೊಂಡು ಅರ್ಧ ಎದ್ದಿದ್ದಳು. ಪಕ್ಕದಲ್ಲಿ ಕತ್ತರಿಯಕ್ಕ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಕಾಲರಿಗೆ ಸಿಕ್ಕಿಸಿ, ಆಗಲೇ ನೆಲ ನೋಡಿಕೊಂಡು ಹೆಜ್ಜೆಯಿಡುತ್ತಿದ್ದಳು. ಡಾಕ್ಟರು ಮತ್ತೆ ಕೂತಳು. ಬಾಗಿಲು ಮುಚ್ಚಿತು. ಒಳಗೆ ಮೊದಲು ಗಂಡು ದನಿ, ಉದ್ದವಾಗಿ, ಸಮಾಧಾನವಾಗಿ. ಆಮೇಲೆ ಅದು ನಿಂತಿತು. ಕತ್ತರಿಯಕ್ಕನ ದನಿ ಶುರುವಾಯಿತು, ತಡೆಯಿಲ್ಲದೆ, ನೇರ ಗೆರೆಯ ಹೊಲಿಗೆ ಹಾಕಿದ ಹಾಗೆ. ಜವಾನನಿಗೆ ಕನಿಕರವಾಯಿತೇನೋ. ಬಗ್ಗಿ, "ನೀವೂ ಹೋಗಿ ಮೇಡಂ, ನಾನು ಸಾಹೇಬ್ರಿಗೆ ಹೇಳ್ಕೋತೀನಿ" ಎಂದ.

"ಬೇಡ," ಎಂದಳು ಅವಳು. "ಅವರು ಮಾತಾಡ್ತಿದ್ದಾರೆ."

ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು.